ಗೆರೆಯಾಚೆಯ ದನಿ

"ಗುರುಗಳೇ, ಕಲಿಯುವವನು ತಪ್ಪು ಮಾಡಲಿದ್ದಾನೆಂದು ನನಗೆ ಮೊದಲೇ ಕಾಣುತ್ತದೆ. ಆಗ ಅವನನ್ನು ತಡೆಯುವುದು ನನ್ನ ಕರ್ತವ್ಯವಲ್ಲವೇ?"

ಕೇಳಿದವನು ಗರಡಿಯ ಹಿರಿಯ ಶಿಷ್ಯ. ಕಿರಿಯರಿಗೆ ಪಟ್ಟು ಕಲಿಸುವ ಹೊಣೆ ಅವನಿಗೆ ಆಗಷ್ಟೇ ಬಂದಿತ್ತು. ಗುರು ಉತ್ತರವಾಗಿ ಒಂದು ಕತೆ ಹೇಳತೊಡಗಿದರು.

ಮೆಕ್ಸಿಕೊ ದೇಶದಲ್ಲಿ ಒಂದು ಊರು. ಅಲ್ಲಿ ಬೆಳ್ಳಿಯ ಗಣಿಗಳಿದ್ದವು. ಗಣಿಗಳು ಮುಚ್ಚಿದ ಮೇಲೆ ಆ ಊರಿಗೆ ತನ್ನದೆಂದು ಹೇಳಿಕೊಳ್ಳಲು ಉಳಿದದ್ದು ಒಂದು ಫುಟ್‌ಬಾಲ್ ತಂಡ ಮಾತ್ರ. ಆ ತಂಡದಲ್ಲಿ ಫಿದೆನ್ಸಿಯೊ ಎಂಬವನು ಆಡುತ್ತಿದ್ದ. ಎದುರಾಳಿಗಳು ಗೋಲಿನ ಹತ್ತಿರ ಬಾರದಂತೆ ತಡೆಯುವುದು ಅವನ ಕೆಲಸ. ಹದಿನಾಲ್ಕು ವರ್ಷ ಅದನ್ನು ಚೆನ್ನಾಗಿ ಮಾಡಿದ. ಗೋಲು ಹೊಡೆದವರ ಹೆಸರು ಊರಿನವರ ಬಾಯಲ್ಲಿರುತ್ತಿತ್ತು. ತಡೆದವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಅದಕ್ಕೆ ಅವನು ಬೇಸರಪಟ್ಟವನಲ್ಲ.

ಹದಿನೈದನೆಯ ವರ್ಷ ತಂಡ ಅಂತಿಮ ಪಂದ್ಯಕ್ಕೆ ಬಂತು. ಆಟ ಮುಗಿಯಲು ಎರಡು ನಿಮಿಷವಿತ್ತು. ದೂರದಿಂದ ಬಂದ ಚೆಂಡನ್ನು ಗೋಲ್‌ಕೀಪರ್ ಹಿಡಿಯುತ್ತಾನೆಂದು ತಿಳಿದು ಫಿದೆನ್ಸಿಯೊ ಬಿಟ್ಟ. ಗೋಲ್‌ಕೀಪರ್ ಮುಂದೆ ಬಂದಿರಲಿಲ್ಲ. ಹಿಂದಿನಿಂದ ಓಡಿಬಂದ ಎದುರಾಳಿ ಚೆಂಡನ್ನು ಗೋಲಿನೊಳಗೆ ತಳ್ಳಿದ.

ಅಂದು ಊರು ಅವನ ಹೆಸರನ್ನು ಕಲಿಯಿತು. ಬೇಕರಿಯಲ್ಲಿ ಅವನು ಸಾಲಿಗೆ ಬಂದು ನಿಂತರೆ ಉಳಿದವರ ಮಾತು ನಿಲ್ಲುತ್ತಿತ್ತು. ಮಗಳನ್ನು ಬೇರೆ ಶಾಲೆಗೆ ಸೇರಿಸಬೇಕಾಯಿತು. ಹೆಂಡತಿ ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರತೊಡಗಿದಳು. ಮರುವರ್ಷ ಅವನು ಆಟ ಬಿಟ್ಟ.

ಒಂಬತ್ತು ವರ್ಷಗಳ ನಂತರ ಅದೇ ತಂಡ ಅವನನ್ನು ತರಬೇತುದಾರನಾಗಿ ಕರೆಯಿತು. ಬೇರೆ ಯಾರೂ ಬರಲು ಒಪ್ಪಿರಲಿಲ್ಲ. ಫಿದೆನ್ಸಿಯೊ ಒಪ್ಪಿದ. ತನಗೆ ಬಂದ ಆ ಎರಡು ನಿಮಿಷ ತನ್ನ ಆಟಗಾರರಲ್ಲಿ ಒಬ್ಬನಿಗೂ ಬರಬಾರದೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡ.

ಪಂದ್ಯದುದ್ದಕ್ಕೂ ಅವನು ಮೈದಾನದ ಗೆರೆಯ ಆಚೆ ನಿಂತು ಕೂಗಿ ಹೇಳುತ್ತಿದ್ದ. ಎಡಕ್ಕೆ ಬಾ. ಹಿಂದೆ ಸರಿ. ಈಗ ಹೋಗು. ಅಪಾಯ ಅವನಿಗೆ ಎಲ್ಲರಿಗಿಂತ ಮೊದಲು ಕಾಣುತ್ತಿತ್ತು. ಅವನು ಹೇಳಿದ್ದು ತಪ್ಪಾಗುತ್ತಿದ್ದುದು ಬಹಳ ಅಪರೂಪ.

ಹಿಂದೆ ಅವನು ಆಡುತ್ತಿದ್ದ ಜಾಗದಲ್ಲಿ ಈಗ ನಾಬೊರ್ ಎಂಬ ಇಪ್ಪತ್ತೆರಡರ ಆಟಗಾರನಿದ್ದ. ವೇಗವಾಗಿ ಓಡುವವನು, ಹೇಳಿದ ಮಾತು ಕೇಳುವವನು. ಅವನ ಮೇಲೆ ಫಿದೆನ್ಸಿಯೊಗೆ ಹೆಚ್ಚು ಅಕ್ಕರೆ. ಅಭ್ಯಾಸದಲ್ಲಿ ನಾಬೊರ್ ತಾನಾಗಿ ಒಂದು ಹೆಜ್ಜೆ ಇಟ್ಟರೂ ಆಟ ನಿಲ್ಲಿಸಿ, ಅವನ ಭುಜ ಹಿಡಿದು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದ.

"ಯೋಚನೆ ನನಗೆ ಬಿಡು. ನೀನು ಓಡು," ಎನ್ನುತ್ತಿದ್ದ.

ನಾಬೊರ್‌ಗೆ ಅದರಿಂದ ನೆಮ್ಮದಿಯೇ ಆಗುತ್ತಿತ್ತು.

ಎರಡು ವರ್ಷ ಆ ತಂಡದ ವಿರುದ್ಧ ಗೋಲು ಹೊಡೆಯುವುದು ಯಾರಿಗೂ ಸುಲಭವಾಗಲಿಲ್ಲ. ಬೇಕರಿಯವಳು ಫಿದೆನ್ಸಿಯೊನನ್ನು ಮತ್ತೆ ಮಾತಾಡಿಸಿದಳು. ಮೂರನೆಯ ವರ್ಷ ಒಳ್ಳೆಯ ಆಟಗಾರರು ದೊಡ್ಡ ಊರುಗಳ ತಂಡಗಳಿಗೆ ಹೋದರು. ತಂಡ ಸೋಲುತ್ತಾ ಬಂತು. ಕೊನೆಯ ಪಂದ್ಯವನ್ನೂ ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕಿತ್ತು.

ಆ ಪಂದ್ಯಕ್ಕೆ ಊರಿಗೆ ಊರೇ ಬಂತು. ಅಷ್ಟು ಜನ ಆ ಮೈದಾನಕ್ಕೆ ಎಂದೂ ಬಂದಿರಲಿಲ್ಲ. ಡೋಲು, ತುತ್ತೂರಿ, ಕೂಗು. ಎರಡೂ ಕಡೆ ಗೋಲಾಗಿರಲಿಲ್ಲ. ಹಾಗೆಯೇ ಮುಗಿದಿದ್ದರೂ ತಂಡ ಉಳಿಯುತ್ತಿತ್ತು. ಕೊನೆಯ ಹೊತ್ತಿಗೆ ಚೆಂಡು ಉರುಳಿಕೊಂಡು ನಾಬೊರ್‌ನ ಕಾಲಿನ ಬಳಿ ಬಂತು. ಹತ್ತಿರ ಯಾರೂ ಇರಲಿಲ್ಲ. ಅದನ್ನು ಆಚೆಗೆ ಒದ್ದರೆ ಸಾಕಿತ್ತು. ಒದೆ ಎಂದು ಫಿದೆನ್ಸಿಯೊ ಕೂಗಿದ. ಆ ಗದ್ದಲದಲ್ಲಿ ದನಿ ಮುಟ್ಟಲಿಲ್ಲ.

ನಾಬೊರ್ ನಿಂತ. ಚೆಂಡನ್ನು ಬಿಟ್ಟು ಗೆರೆಯ ಕಡೆಗೆ ಮುಖ ತಿರುಗಿಸಿದ. ಅಷ್ಟರಲ್ಲಿ ಎದುರಾಳಿ ಚೆಂಡನ್ನು ತೆಗೆದುಕೊಂಡು ಹೋಗಿ ಗೋಲು ಹೊಡೆದ.

ಎಲ್ಲರೂ ಹೋದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರೇ ಉಳಿದರು. ಫಿದೆನ್ಸಿಯೊ ಅವನ ಪಕ್ಕದಲ್ಲಿ ಕುಳಿತ.

"ಯಾಕೆ ತಿರುಗಿದೆ?"

"ನಿಮ್ಮ ದನಿ ಕೇಳಲಿಲ್ಲ, ಮೇಷ್ಟ್ರೇ."

"ಸರಿ. ನಿನಗೇನು ಮಾಡಬೇಕು ಅನ್ನಿಸಿತು?"

ನಾಬೊರ್ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ನೋಡಿದ. ಆಮೇಲೆ ಹೇಳಿದ, "ಏನೂ ಅನ್ನಿಸಲಿಲ್ಲ."

ತಂಡ ಕೆಳಗಿಳಿಯಿತು. ಆ ಊರಲ್ಲಿ ಇರಲಾರದೆ ನಾಬೊರ್ ಆಟ ಬಿಟ್ಟು ದೂರದ ಪಟ್ಟಣದ ಪಾನೀಯದ ಕಾರ್ಖಾನೆಗೆ ಸೇರಿದ. ಒಂದು ವರ್ಷ ಕಳೆದ ಮೇಲೆ, ಅವನನ್ನು ಕಂಡು ಕ್ಷಮೆ ಕೇಳಬೇಕೆಂದು ಫಿದೆನ್ಸಿಯೊ ಬಸ್ಸು ಹತ್ತಿ ಹೋದ. ಕಾರ್ಖಾನೆಯ ಗೇಟಿನಲ್ಲಿ ಮೇಸ್ತ್ರಿ ಸಿಕ್ಕಿದ. ನಾಬೊರ್ ಹೇಗಿದ್ದಾನೆಂದು ಫಿದೆನ್ಸಿಯೊ ವಿಚಾರಿಸಿದ.

"ಒಳ್ಳೆಯ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ," ಎಂದ ಮೇಸ್ತ್ರಿ. "ಹೇಳದೆ ಇದ್ದರೆ ನಿಂತಿರುತ್ತಾನೆ."

ಗೇಟಿನ ಸರಳುಗಳ ನಡುವಿನಿಂದ ನಾಬೊರ್ ಕಾಣುತ್ತಿದ್ದ. ಬಾಟಲಿಗಳ ಪೆಟ್ಟಿಗೆಗಳ ಪಕ್ಕದಲ್ಲಿ, ಎರಡೂ ಕೈ ಇಳಿಬಿಟ್ಟು ನಿಂತಿದ್ದ. ಅವನಿಗೆ ಇಪ್ಪತ್ತಾರು ವರ್ಷವೂ ತುಂಬಿರಲಿಲ್ಲ. ಫಿದೆನ್ಸಿಯೊ ಅವನನ್ನು ಕರೆಯಲು ಬಾಯಿ ತೆರೆದ. ಕರೆಯಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿದ. ಮತ್ತೆ ಯಾರಿಗೂ ಆಟ ಕಲಿಸಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ, "ಅವನು ಕೂಗಿದ್ದು ಪ್ರೀತಿಯಿಂದಲೇ ಅಲ್ಲವೇ, ಗುರುಗಳೇ? ಸುಮ್ಮನಿದ್ದಿದ್ದರೆ ಆ ತಂಡ ಇನ್ನೂ ಬೇಗ ಸೋಲುತ್ತಿತ್ತು."

"ಸೋಲುತ್ತಿತ್ತು. ಆದರೆ ಆಗ ತಪ್ಪೂ ಸೋಲೂ ನಾಬೊರ್‌ನದೇ ಆಗಿರುತ್ತಿದ್ದವು, ಅದರಿಂದ ಅವನು ಕಲಿಯುತ್ತಿದ್ದ," ಎಂದರು ಗುರು.