ಗ್ಲೈಡರನ್ನು ಎಳೆದ ವಿಮಾನ

ಊರಾಚೆಯ ಬಯಲಿನ ಶೆಡ್ಡಿನಲ್ಲಿ ಒಂದು ಪುಟ್ಟ ವಿಮಾನವೂ ಎಂಜಿನ್ನೇ ಇಲ್ಲದೆ ಗಾಳಿಯಲ್ಲಿ ತೇಲುವ ಒಂದು ಗ್ಲೈಡರೂ ಅಕ್ಕಪಕ್ಕ ಇದ್ದವು. ವಿಮಾನ ಕುಶಾಲಪ್ಪನವರ ಸ್ವಂತದ್ದು, ಗ್ಲೈಡರ್ ಕ್ಲಬ್ಬಿನದು. ಆದರೂ ಒಂದು ಭಾನುವಾರ ಕುಶಾಲಪ್ಪನವರು ಗ್ಲೈಡರ್ ಏರಿ ಕುಳಿತರು. ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ಯುವ ಕೆಲಸ ವಿಮಾನದ ಪಾಲಿಗೇ ಬಂತು, ಅದೂ ಬೇರೊಬ್ಬ ಚಾಲಕನ ಕೈಯಲ್ಲಿ. ಅದಕ್ಕೆ ಮೈಯೆಲ್ಲ ಉರಿದುಹೋಯಿತು.

ಮೇಲೆ ಹಗ್ಗ ಬಿಟ್ಟು ಕೆಳಗಿಳಿದ ವಿಮಾನ ಮೂರು ಗಂಟೆ ಕುದಿಯುತ್ತ ಕಾಯಿತು. ಗ್ಲೈಡರ್ ಮರಳಿದ್ದೇ ತಡ, ಹರಿಹಾಯ್ದಿತು: "ಗಾಳಿಯ ಬಳಿ ಭಿಕ್ಷೆ ಬೇಡುವವನೇ! ಕರೆದಾಗ ಹೊರಡುವವನು ನಾನು, ಹೇಳಿದಲ್ಲಿಗೆ ಮುಟ್ಟಿಸುವವನು ನಾನು. ನನ್ನ ಯಜಮಾನರಿಗೆ ನೀನು ಕೊಟ್ಟದ್ದಾದರೂ ಏನು?"

"ನಾನೇನೂ ಕೊಡಲಿಲ್ಲ," ಎಂದಿತು ಗ್ಲೈಡರ್. "ಪಕ್ಕದಲ್ಲೇ ಸುತ್ತುತ್ತಿದ್ದ ಹದ್ದಿನ ಕೂಗು ಕೇಳಿದರು. ಬಹಳ ಖುಷಿಪಟ್ಟರು."

"ಆ ಹದ್ದುಗಳ ನಡುವೆ ವಾರವಾರವೂ ಅವರನ್ನು ಹೊತ್ತೊಯ್ಯುವುದು ನಾನಲ್ಲವೇ?"

"ನೀವೇ. ಆದರೆ ದಾರಿಯುದ್ದಕ್ಕೂ ನೀವೇ ಮಾತಾಡುತ್ತಿರುತ್ತೀರಿ."

ವಿಮಾನಕ್ಕೆ ತಡೆಯಲಾರದ ಅವಮಾನವಾಯಿತು. ಮುಂದಿನ ಭಾನುವಾರ ಕುಶಾಲಪ್ಪನವರು ಎಂಜಿನ್ ಚಾಲೂ ಮಾಡಿದಾಗ, ಆ ಗ್ಲೈಡರ್ ಎಂಥ ದುರಹಂಕಾರಿಯೆಂದು ಅವರಿಗೆ ಮನವರಿಕೆ ಮಾಡಿಕೊಡಲು ವಿಮಾನ ಎಂದಿಗಿಂತ ಜೋರಾಗಿ ಗುಡುಗತೊಡಗಿತು. ಕುಶಾಲಪ್ಪನವರು ಕಿವಿಗೆ ಹತ್ತಿ ತುರುಕಿಕೊಂಡರು.