ತಣ್ಣೊಲೆ ದಿಬ್ಬ

ನಮ್ಮ ಹಟ್ಟಿಯಿಂದ ಪಡುವಲಿಗೆ ನಡೆದರೆ ಜಾಲಿ ಗಿಡಗಳ ನಡುವೆ ಒಂದು ಬೋಳು ದಿಬ್ಬ ಸಿಗುತ್ತದೆ. ಅದರ ನೆತ್ತಿಯ ಮೇಲೆ ಮಸಿ ಹಿಡಿದ ಮೂರು ಒಲೆಗಲ್ಲುಗಳಿವೆ. ದೂರದಿಂದ ಬಂದವರು ನೋಡಿ, ‘ಇಷ್ಟೇನಾ?’ ಎಂದು ಮೂಗು ಮುರಿಯುತ್ತಾರೆ. ಇಷ್ಟೇ ಸ್ವಾಮಿ. ಇದಕ್ಕೆ ತಣ್ಣೊಲೆ ದಿಬ್ಬವೆಂಬ ಹೆಸರು ಹೇಗೆ ಬಂತೆಂದು ಕೂತು ಕೇಳುವ ವ್ಯವಧಾನವಿದ್ದರೆ ಹೇಳುತ್ತೇನೆ.

ಹಿಂದೆ ಒಮ್ಮೆ ಈ ಸೀಮೆಯ ನಾಯಕ ತೀರಿಕೊಂಡಾಗ ಅವನ ಇಬ್ಬರು ಮಕ್ಕಳು ಪಟ್ಟಕ್ಕಾಗಿ ಕತ್ತಿ ಹಿರಿದರಂತೆ. ದೊಡ್ಡವರ ಜಗಳದಲ್ಲಿ ಬಡವರ ಮನೆಗಳೂ ಒಡೆದವು. ನಮ್ಮ ಹಟ್ಟಿಯ ಕಾಟಯ್ಯ ಹಿರಿಯ ಮಗನ ದಂಡಿನಲ್ಲಿದ್ದ. ಅವನ ತಮ್ಮ ಗಾದ್ರಿ ಕಿರಿಯವನ ದಂಡಿನಲ್ಲಿದ್ದ. ಕಿರಿಯವನ ದಂಡು ಸೋತು ಓಡುತ್ತಿತ್ತು, ಹಿರಿಯವನದು ಬೆನ್ನಟ್ಟುತ್ತಿತ್ತು. ಕಾಟಯ್ಯನ ಕೆಲಸ ಒಲೆ ಮುಟ್ಟುವುದು. ದಿನವೂ ಹೊತ್ತು ಮೂಡುವಾಗ ಎದ್ದು, ಬಿರಿದ ಅಂಗಾಲಿಗೆ ಹರಳೆಣ್ಣೆ ಸವರಿ, ಒಂದು ಹಿಡಿ ಹುರಿಹಿಟ್ಟು ಬಾಯಿಗೆ ಹಾಕಿಕೊಂಡು ದಂಡಿನ ಮುಂದೆ ನಡೆಯಬೇಕು. ಹಗೆಗಳು ಬಿಟ್ಟುಹೋದ ಒಲೆಯ ಬೂದಿಯಲ್ಲಿ ಕೈಯಿಟ್ಟು, ಅವರು ಎಷ್ಟು ದೂರ ಹೋಗಿದ್ದಾರೆಂದು ದಳವಾಯಿಗೆ ಹೇಳಬೇಕು. ಬೂದಿ ತಣ್ಣಗಿದ್ದರೆ ದಂಡು ಅಲ್ಲೇ ಇಳಿದು ಉಣ್ಣುತ್ತಿತ್ತು. ಸುಡುತ್ತಿದ್ದರೆ ಕುದುರೆಗಳು ಮುನ್ನುಗ್ಗುತ್ತಿದ್ದವು, ಸಿಕ್ಕವರ ತಲೆ ಉಳಿಯುತ್ತಿರಲಿಲ್ಲ.

ಆರನೆಯ ದಿನ ಒಂದು ಒಲೆಗಲ್ಲಿನ ಮೇಲೆ ಮುದ್ದೆಯ ತುತ್ತು ಕಂಡಿತು. ನಡುವೆ ಹೆಬ್ಬೆರಳು ಒತ್ತಿದ ಗುಳಿ, ಗುಳಿಯಲ್ಲಿ ಒಂದು ಹರಳುಪ್ಪು. ಉಣ್ಣುವ ಮೊದಲು ಸತ್ತ ಹಿರಿಯರಿಗೆ ಹಾಗೆ ಎಡೆ ಇಡುವುದು ಕಾಟಯ್ಯನ ಮನೆಯದೇ ಪದ್ಧತಿ. ಅವರ ಅವ್ವ ಮಕ್ಕಳಿಬ್ಬರಿಗೂ ಕಲಿಸಿದ್ದು. ತಮ್ಮ ಬದುಕಿದ್ದಾನೆಂಬ ಸಂತೋಷ ಒಂದು ಗಳಿಗೆಯೂ ನಿಲ್ಲಲಿಲ್ಲ, ಎದೆಗೆ ಭಯ ಹೊಕ್ಕಿತು. ಅಂದಿನಿಂದ ಬೂದಿಗೆ ಕೈಯಿಡುವ ಮೊದಲು ಒಲೆಗಲ್ಲಿನ ಮೇಲೆ ತುತ್ತು ಹುಡುಕುತ್ತಿದ್ದ. ತಣ್ಣಗಿದ್ದ ಬೂದಿ ದಿನದಿನಕ್ಕೆ ಉಗುರುಬೆಚ್ಚಗಾಗುತ್ತ ಬಂತು.

ಈ ದಿಬ್ಬ ಹತ್ತಿದಾಗ ನಡುಹಗಲು. ತುತ್ತು ಇನ್ನೂ ಹಬೆಯಾಡುತ್ತಿತ್ತು. ಕೆಳಗಿನ ಹಳ್ಳದಲ್ಲೇ ಎಲ್ಲೋ ಗಾದ್ರಿ ಇದ್ದಾನೆಂದು ಅವನಿಗೆ ತಿಳಿದುಹೋಯಿತು. ಹಿರಿಯರ ಎಡೆಯೆಂಬುದನ್ನೂ ನೋಡದೆ ತುತ್ತನ್ನು ಎತ್ತಿ ನುಂಗಿಬಿಟ್ಟ. ಅಷ್ಟರಲ್ಲಿ ದಳವಾಯಿಯ ಕುದುರೆ ಪಕ್ಕಕ್ಕೆ ಬಂದು ನಿಂತಿತು.

‘ಏನೋ ಕಾಟ, ಒಲೆ ಹೆಂಗೈತೆ?’

ಕಾಟಯ್ಯ ಬಲಗೈಯನ್ನು ಮಣಿಕಟ್ಟಿನವರೆಗೆ ಬೂದಿಯಲ್ಲಿ ಇಳಿಸಿದ. ಒಳಗೆ ಕೆಂಡವಿತ್ತು. ಕೈ ತೆಗೆಯಲಿಲ್ಲ, ಮುಖ ಕಿವುಚಲಿಲ್ಲ. ‘ತಣ್ಣಗೈತೆ ಬುದ್ಧಿ, ನಿನ್ನೇದು’ ಎಂದ.

ದಂಡು ಇಳಿದು ಅಡುಗೆ ಹೂಡಿತು. ಊಟಕ್ಕೆ ಕೂತಾಗ ಕಾಟಯ್ಯ ಎಡಗೈಯಲ್ಲಿ ಮುದ್ದೆ ಮುರಿದ. ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವವನನ್ನು ಯಾರು ತಾನೇ ನೋಡದೆ ಬಿಟ್ಟಾರು? ದಳವಾಯಿ ಎದ್ದು ಬಂದು, ಕಂಬಳಿಯೊಳಗೆ ಅಡಗಿದ್ದ ಬಲಗೈಯನ್ನು ಹೊರಗೆಳೆದ. ಬೊಬ್ಬೆಯೊಡೆದು ಚರ್ಮ ಸುಲಿದಿತ್ತು.

‘ತಣ್ಣಗಿತ್ತೇನೋ?’

‘ನನಗೆ ತಣ್ಣಗೇ ಇತ್ತು ಬುದ್ಧಿ’ ಎಂದನಂತೆ.

ಅವನ ತಲೆ ಆ ಒಲೆಯ ಪಕ್ಕದಲ್ಲೇ ಉರುಳಿತು. ಅಷ್ಟು ಹೊತ್ತಿಗೆ ಗಾದ್ರಿಯೂ ಅವನ ಜೊತೆಯವರೂ ಹಳ್ಳದಾಚೆಯ ಹೊಳೆ ದಾಟಿಯಾಗಿತ್ತು. ನಮ್ಮ ಹಟ್ಟಿಯವರೆಲ್ಲ ಗಾದ್ರಿಯ ಸಂತಾನ ಎನ್ನುತ್ತಾರೆ.

ಇಂದಿಗೂ ಹಿರಿಯರ ಹಬ್ಬದ ದಿನ ಇಲ್ಲಿಗೆ ಬಂದರೆ, ಒಲೆಗಲ್ಲಿನ ಮೇಲೆ ನಾವು ಮುದ್ದೆಯ ತುತ್ತು ಇಡುವುದನ್ನು ನೋಡಬಹುದು. ಎಡಗೈಯಲ್ಲೇ ಇಡುತ್ತೇವೆ. ಹೊರಗಿನವರು ‘ಇದೆಂಥ ಅಪಚಾರ’ ಎಂದು ಗೊಣಗಿದರೆ ಗೊಣಗಲಿ. ಆ ಮೂರು ಕಲ್ಲುಗಳ ನಡುವೆ ಮಾತ್ರ ಅಂದಿನಿಂದ ಯಾರೂ ಬೆಂಕಿ ಹಾಕಿಲ್ಲ. ಯಾವಾಗ ಯಾರು ಬಂದು ಮುಟ್ಟಿದರೂ ಒಲೆ ತಣ್ಣಗಿರಬೇಕು. ಕಾಟಯ್ಯನ ಮಾತು ಸುಳ್ಳಾಗಬಾರದು.