ಜರಡಿಯ ಮೇಲಿನದು, ಜರಡಿಯ ಕೆಳಗಿನದು

ಹೂಂ ಅನ್ನುತ್ತಾ ಕೇಳಿ, ಇಲ್ಲದಿದ್ದರೆ ನನಗೆ ಹೇಳೋ ಹುರುಪೇ ಬರೋದಿಲ್ಲ.

ಘಟ್ಟದ ಮೇಲೆ ಒಂದು ಟೀ ಫ್ಯಾಕ್ಟರಿ. ಅದರ ಗೇಟಿನ ಎದುರು ದೇವೀರಮ್ಮನ ಟೀ ಅಂಗಡಿ. ಅವಳಿಗೆ ಒಬ್ಬನೇ ಮಗ, ದ್ಯಾವಣ್ಣ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಫ್ಯಾಕ್ಟರಿಯ ಆಳುಗಳಿಗೆಲ್ಲ ದಿನಾ ಟೀ ಕೊಡುವ ಕೆಲಸ ದೇವೀರಮ್ಮನಿಗೆ ಸಿಗುವ ಹಾಗಿತ್ತು. ಫ್ಯಾಕ್ಟರಿಯಲ್ಲಿ ಟೀ ರುಚಿ ನೋಡುವ ಗುರುಬಸಪ್ಪನವರು ಒಂದು ಲೋಟ ಕುಡಿದು ಒಪ್ಪಬೇಕು, ಅಷ್ಟೇ. ಒಪ್ಪಿದರೆ ತಾಯಿ ಮಗನಿಗೆ ವರ್ಷವಿಡೀ ನೆಮ್ಮದಿ.

"ಮಗಾ, ಫ್ಯಾಕ್ಟರಿಯಿಂದ ಒಳ್ಳೇ ಟೀ ಪುಡಿ ತಗೊಂಡು ಬಾ!"

ಹೋದ. ಉದ್ದುದ್ದ ಎಲೆಯ ಟೀ ತಂದ.

"ಅಯ್ಯೋ ಪೆದ್ದೇ! ಇದು ಬಂಗಲೆಯೋರು ಕುಡಿಯೋ ಟೀ. ನಮಗೆ ಕಡು ಬಣ್ಣ ಬಿಡೋ ಸಣ್ಣ ಪುಡಿ, ಡಸ್ಟೇ ಆಗ್ಬೇಕು. ಜರಡಿ ಹಿಡಿದಾಗ ಕೆಳಗೆ ಬಿದ್ದದ್ದು ಇಟ್ಕೋ, ಮೇಲೆ ನಿಂತದ್ದು ಬಿಡು!"

"ಆಗಲಿ ಅವ್ವಾ!"

ಹೋದ. ಬದಲಾಯಿಸಿಕೊಂಡು ಬಂದ.

ಮಾರನೇ ದಿನ ಅಕ್ಕಿ ಜರಡಿ ಹಿಡಿಯೋಕೆ ಕೂರಿಸಿದಳು. ಕೆಳಗೆ ಬಿದ್ದ ಧೂಳು, ಮರಳು ಎಲ್ಲಾ ಡಬ್ಬಿಗೆ ತುಂಬಿದ. ಮೇಲೆ ನಿಂತ ಅಕ್ಕೀನ ಅಂಗಳಕ್ಕೆ ಎರಚಿದ. ಕೋಳಿಗಳಿಗೆ ಅವತ್ತು ಹಬ್ಬ.

"ಕೋಳೀಗಿರೋ ಬುದ್ಧಿ ನಿಂಗಿಲ್ವಲ್ಲೋ! ಮೇಲೆ ನಿಂತದ್ದು ಇಟ್ಕೋ, ಕೆಳಗೆ ಇಳಿದದ್ದು ಚೆಲ್ಲು!"

"ಆಗಲಿ ಅವ್ವಾ!"

ಮೂರನೇ ದಿನ ಗುರುಬಸಪ್ಪನವರು ಬಂದು ಬೆಂಚಿನ ಮೇಲೆ ಕೂತರು. "ಹಾಲು ಬೇಡ ತಾಯಿ, ಬರೀ ಟೀ ಕೊಡಿ," ಅಂದರು. ದೇವೀರಮ್ಮ ಘಮಘಮ ಕುದಿಸಿ ಇಳಿಸಿದಳು. "ಸೋಸಿ ಕೊಡೋ ಮಗಾ," ಎಂದು ಹೇಳಿ ಒಳಗೆ ಕೈ ತೊಳೆಯೋಕೆ ಹೋದಳು.

ದ್ಯಾವಣ್ಣ ಚರಂಡಿಯ ಮೇಲೆ ಬಟ್ಟೆ ಹಿಡಿದು ಸೋಸಿದ. ಬಟ್ಟೆಯಲ್ಲಿ ನಿಂತ ಚರಟಾನ ಲೋಟಕ್ಕೆ ತುಂಬಿ, ಗುರುಬಸಪ್ಪನವರ ಕೈಗೆ ಕೊಟ್ಟ.

ಅವರು ಸಿಟ್ಟಾಗಲಿಲ್ಲ. ಚರಟ ನೋಡಿಯೇ ಟೀ ಅಳೆಯುವ ಮನುಷ್ಯ. ಚಿಟಿಕೆ ಎತ್ತಿದರು, ಮೂಸಿದರು. "ತಾಮ್ರದ ಬಣ್ಣ, ಒಳ್ಳೇ ಘಮ! ಸರಿಯಪ್ಪಾ, ಟೀ ಎಲ್ಲಿ?"

"ಕೆಳಗೆ ಇಳೀತು ಸ್ವಾಮಿ, ಚೆಲ್ಲಿಬಿಟ್ಟೆ!"

ದೇವೀರಮ್ಮ ಹೊರಗೆ ಬಂದಳು, ನೋಡಿದಳು, ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ನೀನು ಚೆಲ್ಲಿದ್ದನ್ನೇ ಕಣೋ ಅವರು ಕುಡಿಯೋದು!"

"ಮೊದಲೇ ಹೇಳಬಾರದಾ ಅವ್ವಾ?"

ಓಡಿದ. ಚರಂಡಿಗೆ ಲೋಟ ಅದ್ದಿದ. ತುಂಬಿಸಿ ತಂದ.

ಗುರುಬಸಪ್ಪನವರು ಎದ್ದು, ಪಂಚೆ ಕೊಡವಿಕೊಂಡು, ಪಕ್ಕದ ಟೀ ಅಂಗಡಿಯ ಕಡೆ ನಡೆದರು. ದೇವೀರಮ್ಮ ಒಲೆ ಮುಂದೆ ಕುಸಿದಳು. ಪಾಪ, ಅವಳನ್ನ ನೆನೆದರೆ ನನಗೂ ಸಂಕಟವಾಗುತ್ತೆ.

ದ್ಯಾವಣ್ಣ ಮಾತ್ರ ಎರಡೂ ಕೈಯಲ್ಲಿ ಲೋಟ ಹಿಡಿದು ಅವರ ಹಿಂದೆಯೇ ಓಡುತ್ತಿದ್ದ:

"ಸ್ವಾಮೀ, ನಿಲ್ಲಿ! ಆರೋದ್ರೊಳಗೆ ಕುಡಿದುಬಿಡಿ!"